ಹವ್ಯಾಸಿ ಗಾಲ್ಫ್ ಮೈದಾನ ವಿನ್ಯಾಸ ಸ್ಪರ್ಧೆ: ಬಹುಮಾನಕ್ಕಿಂತ ನಿಯಮಾವಳಿಯೇ ಮುಖ್ಯ

1914ರಲ್ಲಿ ಇಂಗ್ಲೆಂಡಿನ ‘ಕಂಟ್ರಿ ಲೈಫ್’ ಪತ್ರಿಕೆಯು ಗಾಲ್ಫ್ ಆಸಕ್ತರಿಗಾಗಿ ಒಂದು ವಿನ್ಯಾಸ ಸ್ಪರ್ಧೆಯನ್ನು ಏರ್ಪಡಿಸಿತು. ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡ್‌ನಲ್ಲಿ ಆಗ ‘ಲಿಡೊ’ ಎಂಬ ಹೊಸ ಗಾಲ್ಫ್ ಮೈದಾನವೊಂದು ರೂಪುಗೊಳ್ಳುತ್ತಿತ್ತು. ಅದರ ವಿನ್ಯಾಸದ ಹೊಣೆ ಹೊತ್ತಿದ್ದವರು ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್. 1895ರಲ್ಲಿ ಅಮೆರಿಕದ ಮೊದಲ ಅಧಿಕೃತ ಹವ್ಯಾಸಿ ಚಾಂಪಿಯನ್ ಎನಿಸಿಕೊಂಡವರು. ಆ ಮೈದಾನದಲ್ಲಿ ಬಳಸಬಹುದಾದ ಒಂದು ಹೊಸ ಕಲ್ಪನೆಗಾಗಿ ಸ್ಪರ್ಧೆ ನಡೆಯಿತು. ಬರ್ನಾರ್ಡ್ ಡಾರ್ವಿನ್, ಹೊರೇಸ್ ಹಚಿನ್ಸನ್ ಮತ್ತು ಹರ್ಬರ್ಟ್ ಫೌಲರ್ ತೀರ್ಪುಗಾರರಾಗಿದ್ದರು. ಪ್ರಥಮ ಸ್ಥಾನ ದೊರೆತದ್ದು ಲೀಡ್ಸ್ ನಗರದ ವೈದ್ಯ ಅಲಿಸ್ಟರ್ ಮೆಕೆಂಜಿ ಅವರ ನಕ್ಷೆಗೆ. ಅದರ ಆಧಾರದ ಮೇಲೆ ಲಿಡೊ ಮೈದಾನದ ಹದಿನೆಂಟನೆಯ, ಅಂದರೆ ಕೊನೆಯ ಹೋಲ್ ನಿರ್ಮಾಣವಾಯಿತು.

ಮೆಕೆಂಜಿ ಮುಂದೆ ವೈದ್ಯವೃತ್ತಿಯನ್ನು ತೊರೆದು ಮೈದಾನ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡರು. ಕ್ಯಾಲಿಫೋರ್ನಿಯಾದ ಸೈಪ್ರೆಸ್ ಪಾಯಿಂಟ್ ಮೈದಾನ 1928ರಲ್ಲಿ ತೆರೆಯಿತು. ಬಾಬಿ ಜೋನ್ಸ್ ಅವರೊಡಗೂಡಿ ರೂಪಿಸಿದ, ಮಾಸ್ಟರ್ಸ್ ಪಂದ್ಯಾವಳಿ ನಡೆಯುವ ಅಗಸ್ಟಾ ನ್ಯಾಷನಲ್ 1933ರಲ್ಲಿ ತೆರೆಯಿತು. ಒಂದು ಪತ್ರಿಕಾ ಸ್ಪರ್ಧೆಯು ಸ್ಪರ್ಧಿಗೂ ಆಯೋಜಕರಿಗೂ ಇಷ್ಟು ಫಲ ಕೊಟ್ಟ ನಿದರ್ಶನ ಗಾಲ್ಫ್ ಚರಿತ್ರೆಯಲ್ಲಿ ವಿರಳ. ಇದನ್ನು ಅದೃಷ್ಟವೆಂದು ತಳ್ಳಿಹಾಕುವುದು ಸುಲಭ. ಆದರೆ ಕೇಳಿದ ಪ್ರಶ್ನೆ ಸ್ಪಷ್ಟವಾಗಿತ್ತು, ತೀರ್ಪುಗಾರರು ಬಲ್ಲವರಾಗಿದ್ದರು, ಗೆದ್ದ ನಕ್ಷೆಗೆ ನೆಲದ ಮೇಲೆ ಸ್ಥಾನ ಕಾದಿತ್ತು ಎಂಬುದನ್ನು ಗಮನಿಸಬೇಕು. ಹವ್ಯಾಸಿಗಳಿಗಾಗಿ ಇಂತಹ ಸ್ಪರ್ಧೆ ನಡೆಸಬಯಸುವ ಕ್ಲಬ್ಬು, ಸಂಘ ಅಥವಾ ಪ್ರಾಯೋಜಕ ಸಂಸ್ಥೆ ಮೊದಲು ಯೋಚಿಸಬೇಕಾದದ್ದು ಬಹುಮಾನದ ಮೊತ್ತವನ್ನಲ್ಲ, ಸ್ಪರ್ಧೆಯ ಚೌಕಟ್ಟನ್ನು.

ಹದಿನೆಂಟಲ್ಲ, ಒಂದೇ

ಗಾಲ್ಫ್ ಆಡದವರಿಗೆ ಒಂದು ವಿವರಣೆ ಅಗತ್ಯ. ಚೆಂಡು ಬೀಳುವ ಗುಂಡಿಯ ವ್ಯಾಸ ಕೇವಲ ನಾಲ್ಕೂಕಾಲು ಅಂಗುಲ. ಆದರೆ ಆಟದ ಪರಿಭಾಷೆಯಲ್ಲಿ ‘ಹೋಲ್’ ಎಂದರೆ ಮೊದಲ ಹೊಡೆತದ ಸ್ಥಳವಾದ ಟೀಯಿಂದ ಹಿಡಿದು, ಫೇರ್‌ವೇ ಎಂಬ ಹುಲ್ಲುಹಾಸಿನ ಪಟ್ಟಿಯನ್ನು ದಾಟಿ, ಗುಂಡಿ ಇರುವ ಗ್ರೀನ್‌ವರೆಗಿನ ಇಡೀ ಆಟದ ಪ್ರದೇಶ. ಇಂತಹ ಹದಿನೆಂಟು ಹೋಲ್‌ಗಳು ಸೇರಿದರೆ ಒಂದು ಪೂರ್ಣ ಮೈದಾನ. ಈ ಸಂಖ್ಯೆಗೆ ಮೂಲ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್. ಅಲ್ಲಿ 1764ರಲ್ಲಿ ಇಪ್ಪತ್ತೆರಡು ಹೋಲ್‌ಗಳ ಸುತ್ತನ್ನು ಹದಿನೆಂಟಕ್ಕೆ ಇಳಿಸಲಾಯಿತು.

ಪೂರ್ಣ ಮೈದಾನವನ್ನು ವಿನ್ಯಾಸಗೊಳಿಸುವುದು ಹವ್ಯಾಸಿಗೆ ಹೊರಲಾಗದ ಹೊರೆ. ನೂರಕ್ಕೂ ಹೆಚ್ಚು ಎಕರೆ ಭೂಮಿಯಲ್ಲಿ ಹೋಲ್‌ಗಳ ಅನುಕ್ರಮ, ಇಳಿಜಾರು, ನೀರಿನ ಹರಿವು, ಸೂರ್ಯನ ದಿಕ್ಕು, ಒಂದರಿಂದ ಇನ್ನೊಂದಕ್ಕೆ ನಡೆಯುವ ದೂರ, ಅಕ್ಕಪಕ್ಕದ ಹೋಲ್‌ಗಳ ನಡುವಿನ ಅಂತರ ಇವೆಲ್ಲವನ್ನೂ ಒಟ್ಟಿಗೆ ಹೊಂದಿಸಬೇಕಾಗುತ್ತದೆ. ಇಂತಹ ಕೆಲಸವನ್ನು ಸ್ಪರ್ಧೆಯಾಗಿ ಇರಿಸಿದರೆ ಬಿಡುವಿರುವ ಕೆಲವರು ಮಾತ್ರ ಅದನ್ನು ಮುಗಿಸುತ್ತಾರೆ. ಉಳಿದವರು ಅರ್ಧಕ್ಕೇ ಕೈಬಿಡುತ್ತಾರೆ. ತೀರ್ಪುಗಾರರಿಗೂ ಒಂದೊಂದು ಪ್ರವೇಶವನ್ನು ನ್ಯಾಯವಾಗಿ ಪರಿಶೀಲಿಸಲು ಸಮಯ ಸಾಲದು.

‘ಕಂಟ್ರಿ ಲೈಫ್’ ಕೇಳಿದ್ದು ಒಂದೇ ಹೋಲ್. ಅದೂ ಎರಡು ಹೊಡೆತಗಳಲ್ಲಿ ಗ್ರೀನ್ ತಲುಪಬಹುದಾದ, 360ರಿಂದ 460 ಗಜ ಉದ್ದದ ಹೋಲ್. ಇದೇ ಆ ಸ್ಪರ್ಧೆಯ ಜಾಣ್ಮೆ. ಎಲ್ಲರಿಗೂ ಒಂದೇ ಅಳತೆ ಇದ್ದುದರಿಂದ ನಕ್ಷೆಯ ಜೊತೆ ನಕ್ಷೆಯನ್ನು ಇಟ್ಟು ತೂಗುವುದು ಸಾಧ್ಯವಾಯಿತು.

ವೃತ್ತಿಪರರ ಸ್ಪರ್ಧೆಯ ಮಾತು ಬೇರೆ. 2016ರ ರಿಯೊ ಒಲಿಂಪಿಕ್ಸ್‌ಗಾಗಿ ಹದಿನೆಂಟು ಹೋಲ್‌ಗಳ ಪೂರ್ಣ ಮೈದಾನದ ವಿನ್ಯಾಸಕರನ್ನು ಸ್ಪರ್ಧೆಯ ಮೂಲಕವೇ ಆರಿಸಲಾಯಿತು. ಅಂತಿಮ ಸುತ್ತಿನಲ್ಲಿ ಎಂಟು ತಂಡಗಳಿದ್ದವು. 2012ರ ಮಾರ್ಚ್‌ನಲ್ಲಿ ಅಮೆರಿಕದ ಗಿಲ್ ಹ್ಯಾನ್ಸ್ ಆಯ್ಕೆಯಾದರು. ಎಲ್ಲವೂ ಅನುಭವಿ ಸಂಸ್ಥೆಗಳೇ. ಹೀಗಿದ್ದರೂ ಭೂಮಿಯ ಒಡೆತನದ ವಿವಾದದಿಂದ ನಿರ್ಮಾಣ ತಡವಾಯಿತು. ನೆಲದ ಕಾಗದಪತ್ರ ಸರಿಯಾಗುವ ಮೊದಲು ಸ್ಪರ್ಧೆ ಘೋಷಿಸಬಾರದೆಂಬ ಎಚ್ಚರಿಕೆ ಇದರಿಂದ ದೊರೆಯುತ್ತದೆ.

ಹವ್ಯಾಸಿ ಎಂದರೆ ಯಾರು?

ಗಾಲ್ಫ್‌ನಲ್ಲಿ ‘ಹವ್ಯಾಸಿ’ ಎಂಬ ಪದ ಹಿಂದಿನಿಂದಲೂ ವಿವಾದದ್ದು. 1913ರ ಅಮೆರಿಕನ್ ಓಪನ್ ಗೆದ್ದ ಫ್ರಾನ್ಸಿಸ್ ವಿಮೆಟ್ ಕ್ರೀಡಾ ಸಾಮಗ್ರಿಗಳ ವ್ಯಾಪಾರಕ್ಕೆ ಇಳಿದಾಗ, 1916ರಲ್ಲಿ ಅಲ್ಲಿನ ಗಾಲ್ಫ್ ಸಂಸ್ಥೆಯು ಅವರ ಹವ್ಯಾಸಿ ಸ್ಥಾನವನ್ನೇ ಕಿತ್ತುಕೊಂಡಿತು. 1918ರಲ್ಲಿ ಮರಳಿ ನೀಡಿತು. ಅಂಗಡಿ ತೆರೆದದ್ದಕ್ಕೆ ಆಟಗಾರನೊಬ್ಬ ದಂಡ ತೆತ್ತ ಈ ಪ್ರಸಂಗ ವ್ಯಾಪಾರಿಗಳಿಗೆ ವಿಚಿತ್ರವಾಗಿ ತೋರಬಹುದು. ಪದದ ಅರ್ಥವನ್ನು ಮೊದಲೇ ಖಚಿತಪಡಿಸದಿದ್ದರೆ ಆಗುವ ತೊಂದರೆಗೆ ಅದು ಉತ್ತಮ ಉದಾಹರಣೆ.

ವಿನ್ಯಾಸ ಸ್ಪರ್ಧೆಯಲ್ಲಿ ಹವ್ಯಾಸಿ ಎಂದರೆ ಹವ್ಯಾಸಿ ಆಟಗಾರನಲ್ಲ, ಹವ್ಯಾಸಿ ವಿನ್ಯಾಸಕ. ಹೀಗಿದ್ದರೂ ಸಂದಿಗ್ಧ ಉಳಿಯುತ್ತದೆ. ಮೆಕೆಂಜಿ 1914ರಲ್ಲಿ ವೈದ್ಯರಾಗಿದ್ದರೂ, 1907ರಷ್ಟು ಹಿಂದೆಯೇ ಲೀಡ್ಸ್ ಬಳಿಯ ಆಲ್ವುಡ್ಲಿ ಮೈದಾನದ ರಚನೆಯಲ್ಲಿ ತೊಡಗಿದ್ದವರು. ಇಂದಿನ ಕಟ್ಟುನಿಟ್ಟಿನ ನಿಯಮದಡಿ ಅವರ ಪ್ರವೇಶ ತಿರಸ್ಕೃತವಾಗುತ್ತಿತ್ತೇ? ನಿಯಮ ಹೇಗೆ ಬರೆದಿದೆ ಎಂಬುದರ ಮೇಲೆ ಅದು ನಿಂತಿರುತ್ತದೆ. ಮೈದಾನ ವಿನ್ಯಾಸಕ್ಕಾಗಿ ಹಿಂದೆ ಶುಲ್ಕ ಪಡೆಯದವರು ಮತ್ತು ವಿನ್ಯಾಸ ಸಂಸ್ಥೆಯಲ್ಲಿ ನೌಕರಿಯಲ್ಲಿ ಇಲ್ಲದವರು ಅರ್ಹರು ಎಂಬ ಒಂದು ವಾಕ್ಯ ಬಹುಪಾಲು ತಕರಾರುಗಳನ್ನು ತಡೆಯುತ್ತದೆ. ವಾಸ್ತುಶಿಲ್ಪಿಗಳು, ಸಿವಿಲ್ ಎಂಜಿನಿಯರುಗಳು ಮತ್ತು ಉದ್ಯಾನ ತಜ್ಞರಿಗೆ ಪ್ರವೇಶವುಂಟೋ ಇಲ್ಲವೋ ಎಂಬುದನ್ನೂ ಹೆಸರಿಸಿ ಹೇಳುವುದು ಲೇಸು. ವಿದ್ಯಾರ್ಥಿಗಳಿಗೆ ಪ್ರತ್ಯೇಕ ವಿಭಾಗವಿದ್ದರೆ ಇನ್ನೂ ಒಳಿತು.

ಸ್ಪರ್ಧಿಗೆ ಏನು ಕೊಡಬೇಕು, ಏನು ಕೇಳಬೇಕು

ಲಿಡೊ ಜೌಗು ನೆಲವಾಗಿತ್ತು. ಅಪಾರ ಪ್ರಮಾಣದ ಮರಳನ್ನು ನೀರಿನೊಡನೆ ಪಂಪ್ ಮಾಡಿ ತುಂಬಿ ಅಲ್ಲಿ ಬೇಕಾದ ಉಬ್ಬುತಗ್ಗುಗಳನ್ನು ಸೃಷ್ಟಿಸಲಾಯಿತು. ಆದ್ದರಿಂದ ಅಲ್ಲಿ ನೆಲದ ಸ್ವರೂಪಕ್ಕೆ ಕಟ್ಟುಬೀಳದ ಕಲ್ಪನೆಗೂ ಅವಕಾಶವಿತ್ತು. ಇಂದಿನ ಆಯೋಜಕರಿಗೆ ಆ ಸ್ವಾತಂತ್ರ್ಯ ಸಾಮಾನ್ಯವಾಗಿ ಇರದು. ಮಣ್ಣು ಸಾಗಿಸುವ ವೆಚ್ಚವೇ ಮೈದಾನದ ಲೆಕ್ಕವನ್ನು ಬುಡಮೇಲು ಮಾಡಬಲ್ಲದು. ಆದ್ದರಿಂದ ಕಟ್ಟಲು ಉದ್ದೇಶಿಸಿದ ಸ್ಪರ್ಧೆಗೆ ನಿಜವಾದ ತುಣುಕು ನೆಲವನ್ನೇ ಕೊಡಬೇಕು.

ಪ್ರತಿ ಸ್ಪರ್ಧಿಗೂ ಒಂದೇ ಕಡತ ದೊರೆಯಬೇಕು. ಅದರಲ್ಲಿ ಎತ್ತರದ ಸಮರೇಖೆಗಳುಳ್ಳ ಭೂಮಾಪನ ನಕ್ಷೆ, ಉತ್ತರ ದಿಕ್ಕು, ಬೀಸುವ ಗಾಳಿಯ ದಿಕ್ಕು, ಉಳಿಸಬೇಕಾದ ಮರಗಳು, ಮಳೆನೀರು ಹರಿಯುವ ದಾರಿ, ಮಣ್ಣಿನ ಸ್ವರೂಪ, ಹತ್ತಿರದ ರಸ್ತೆ ಮತ್ತು ಮನೆಗಳ ಗಡಿ ಹಾಗೂ ಟೀ ಎತ್ತರದಿಂದ ತೆಗೆದ ಕೆಲವು ಛಾಯಾಚಿತ್ರಗಳು ಇರಬೇಕು. ಸ್ಥಳವನ್ನು ಕಂಡವನಿಗೂ ಕಾಣದವನಿಗೂ ಅಂತರವಾಗದಂತೆ ನೋಡಿಕೊಳ್ಳುವುದು ಆಯೋಜಕರ ಧರ್ಮ. ಒಬ್ಬ ಸ್ಪರ್ಧಿ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಎಲ್ಲ ಸ್ಪರ್ಧಿಗಳಿಗೂ ಏಕಕಾಲದಲ್ಲಿ ಕಳುಹಿಸತಕ್ಕದ್ದು. ಫೋನಿನಲ್ಲಿ ಖಾಸಗಿಯಾಗಿ ನೀಡಿದ ಒಂದು ಸುಳಿವು ಇಡೀ ಸ್ಪರ್ಧೆಯ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ.

ಸ್ಪರ್ಧಿಯಿಂದ ಕೇಳುವುದು ಮಿತವಾಗಿರಲಿ. ನಿಗದಿತ ಅಳತೆಯ ಒಂದು ಹಾಳೆಯಲ್ಲಿ ಹೋಲ್‌ನ ನಕ್ಷೆ, ಗ್ರೀನ್‌ನ ದೊಡ್ಡದಾದ ಒಂದು ಚಿತ್ರ, ಮುನ್ನೂರು ಪದಗಳ ವಿವರಣೆ ಇಷ್ಟು ಸಾಕು. ಕೈಬರಹದ ಚಿತ್ರಕ್ಕೂ ಕಂಪ್ಯೂಟರ್ ಚಿತ್ರಕ್ಕೂ ಸಮಾನ ಮಾನ್ಯತೆ ಇರಬೇಕು. ಇಲ್ಲವಾದರೆ ಸ್ಪರ್ಧೆ ತಂತ್ರಾಂಶದ ಪರೀಕ್ಷೆಯಾಗಿ ಬಿಡುತ್ತದೆ.

ಹೆಸರಿಲ್ಲದ ಹಾಳೆ, ಹೆಸರುಳ್ಳ ತೀರ್ಪುಗಾರರು

ಸ್ಪರ್ಧಿಗಳ ಹೆಸರು ಗುಟ್ಟಾಗಿರಬೇಕು. ತೀರ್ಪುಗಾರರ ಹೆಸರು ಮೊದಲ ದಿನವೇ ಬಹಿರಂಗವಾಗಬೇಕು. ‘ಕಂಟ್ರಿ ಲೈಫ್’ ಆರಿಸಿದ ಮೂವರಲ್ಲಿ ಹಚಿನ್ಸನ್ ಬ್ರಿಟಿಷ್ ಹವ್ಯಾಸಿ ಪ್ರಶಸ್ತಿಯನ್ನು 1886 ಮತ್ತು 1887ರಲ್ಲಿ ಗೆದ್ದವರು. ಫೌಲರ್ 1904ರಲ್ಲಿ ತೆರೆದ ವಾಲ್ಟನ್ ಹೀತ್ ಮೈದಾನದ ವಿನ್ಯಾಸಕರು. ಡಾರ್ವಿನ್ ಗಾಲ್ಫ್ ಬರವಣಿಗೆಯಲ್ಲಿ ಹೆಸರು ಮಾಡಿದವರು. ಆಟಗಾರ, ನಿರ್ಮಾಣಕಾರ, ವಿಮರ್ಶಕ ಎಂಬ ಈ ತ್ರಿಕೂಟ ಇಂದಿಗೂ ಮಾದರಿಯಾಗಬಲ್ಲದು. ಇದಕ್ಕೆ ಮೈದಾನದ ನಿತ್ಯ ನಿರ್ವಹಣೆ ಬಲ್ಲ ಒಬ್ಬರನ್ನು ಸೇರಿಸಿಕೊಂಡರೆ ಮಂಡಲಿ ಪೂರ್ಣವಾಗುತ್ತದೆ. ಚಿತ್ರದಲ್ಲಿ ಸೊಗಸಾಗಿ ಕಾಣುವ ಕಡಿದಾದ ಬಂಕರ್ ಪ್ರತಿ ಮಳೆಗೂ ಕೊಚ್ಚಿಹೋಗುವುದೆಂಬುದು ಹುಲ್ಲು ಕತ್ತರಿಸುವವರಿಗೆ ತಿಳಿದಷ್ಟು ಚಾಂಪಿಯನ್‌ಗೆ ತಿಳಿದಿರುವುದಿಲ್ಲ.

ಪ್ರತಿ ಪ್ರವೇಶಕ್ಕೂ ಒಂದು ಸಂಖ್ಯೆ ನೀಡಿ, ಹೆಸರಿರುವ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಬೇರೆಯಾಗಿರಿಸುವ ಹಳೆಯ ಪದ್ಧತಿಯೇ ಒಳ್ಳೆಯದು. ತೀರ್ಪುಗಾರರು ಮೊದಲು ಪ್ರತ್ಯೇಕವಾಗಿ ಅಂಕ ನೀಡಿ, ಅನಂತರವೇ ಒಟ್ಟಿಗೆ ಸೇರಿ ಚರ್ಚಿಸಬೇಕು. ಒಟ್ಟಿಗೆ ಕುಳಿತೇ ಆರಂಭಿಸಿದರೆ ಹಿರಿಯರೊಬ್ಬರ ಮಾತಿಗೆ ಉಳಿದವರು ತಲೆಯಾಡಿಸುವ ಸಂಭವ ಹೆಚ್ಚು.

ಪ್ರಾಯೋಜಕರ ವಿಷಯದಲ್ಲಿ ಒಂದು ಗೆರೆ ಎಳೆಯುವುದು ಅನಿವಾರ್ಯ. ಪಂಪು, ಪೈಪು, ತುಂತುರು ನೀರಾವರಿ ಉಪಕರಣ, ಹುಲ್ಲುಬೀಜ, ಗೊಬ್ಬರ, ಹುಲ್ಲು ಕತ್ತರಿಸುವ ಯಂತ್ರ ಇವುಗಳ ತಯಾರಕರೂ ಮಾರಾಟಗಾರರೂ ಇಂತಹ ಸ್ಪರ್ಧೆಗೆ ಸಹಜ ಪ್ರಾಯೋಜಕರು. ಅವರ ಹೆಸರು ಫಲಕದ ಮೇಲೆ ಇರಲಿ, ತೀರ್ಪುಗಾರರ ಪಟ್ಟಿಯಲ್ಲಿ ಬೇಡ. ತೀರ್ಪು ನಿಷ್ಪಕ್ಷಪಾತವಾಗಿದ್ದಾಗಲೇ ಪ್ರಾಯೋಜಕರ ಹಣಕ್ಕೂ ಬೆಲೆ.

ಅಂಕಗಳು ಮತ್ತು ಸುರಕ್ಷತೆ

ಮೆಕೆಂಜಿಯ ನಕ್ಷೆ ಮೆಚ್ಚುಗೆ ಪಡೆದುದಕ್ಕೆ ಮುಖ್ಯ ಕಾರಣ ಅದು ಆಟಗಾರನಿಗೆ ಹಲವು ದಾರಿಗಳನ್ನು ತೆರೆದಿಟ್ಟದ್ದು. ಬಲಶಾಲಿ ಆಟಗಾರ ಅಪಾಯವನ್ನು ಎದುರಿಸಿ ನೇರ ದಾರಿ ಹಿಡಿಯಬಹುದಿತ್ತು. ಸಾಧಾರಣ ಆಟಗಾರ ಸುತ್ತುಬಳಸಿ, ಒಂದು ಹೊಡೆತ ಹೆಚ್ಚು ತೆತ್ತು, ಸುರಕ್ಷಿತವಾಗಿ ಗ್ರೀನ್ ಸೇರಬಹುದಿತ್ತು. 1920ರಲ್ಲಿ ಪ್ರಕಟವಾದ ‘ಗಾಲ್ಫ್ ಆರ್ಕಿಟೆಕ್ಚರ್’ ಎಂಬ ಕಿರುಗ್ರಂಥದಲ್ಲಿ ಅವರು ಹದಿಮೂರು ತತ್ತ್ವಗಳನ್ನು ನಿರೂಪಿಸಿದರು. ಹೊಸಬನೂ ಆನಂದಿಸುವಂತೆ ಮೈದಾನವಿರಬೇಕೆಂಬುದು ಅವುಗಳಲ್ಲೊಂದು.

ಇದನ್ನು ಆಧರಿಸಿ ನೂರು ಅಂಕಗಳನ್ನು ಹೀಗೆ ಹಂಚಬಹುದು: ಆಟದಲ್ಲಿ ಆಯ್ಕೆಗಳ ಸ್ವಾರಸ್ಯಕ್ಕೆ 35; ಎಲ್ಲ ಮಟ್ಟದ ಆಟಗಾರರಿಗೆ ಹೊಂದುವಿಕೆಗೆ 20; ನೆಲ ಮತ್ತು ನೀರಿನ ಹರಿವನ್ನು ಬಳಸಿಕೊಂಡ ರೀತಿಗೆ 20; ನಿರ್ಮಾಣ ಮತ್ತು ನಿರ್ವಹಣೆಯ ಮಿತವ್ಯಯಕ್ಕೆ 15; ವಿವರಣೆಯ ಸ್ಪಷ್ಟತೆಗೆ 10. ಚಿತ್ರದ ಅಂದಕ್ಕೆ ಅಂಕವಿಲ್ಲ. ಈ ಪಟ್ಟಿಯನ್ನು ಸ್ಪರ್ಧೆಯ ಪ್ರಕಟಣೆಯಲ್ಲಿಯೇ ಮುದ್ರಿಸಬೇಕು.

ಸುರಕ್ಷತೆಯನ್ನು ಈ ಪಟ್ಟಿಯಲ್ಲಿ ಸೇರಿಸದಿರುವುದು ಉದ್ದೇಶಪೂರ್ವಕ. ರಸ್ತೆಯ ಕಡೆಗೋ ಪಕ್ಕದ ಫೇರ್‌ವೇ ಕಡೆಗೋ ಚೆಂಡು ಹಾರುವಂತಹ ನಕ್ಷೆಗೆ ಕಡಿಮೆ ಅಂಕ ನೀಡಿದರೆ ಸಾಲದು, ಅದನ್ನು ಹೊರಗಿಡಬೇಕು. ಪ್ರವೇಶಗಳು ತೀರ್ಪುಗಾರರ ಮೇಜಿಗೆ ಬರುವ ಮುನ್ನವೇ ತಜ್ಞರೊಬ್ಬರು ಗಡಿ, ಅಂತರ ಮತ್ತು ಉದ್ದದ ನಿಯಮಗಳನ್ನು ಪರಿಶೀಲಿಸಿ, ಅನರ್ಹವಾದವುಗಳಿಗೆ ಲಿಖಿತ ಕಾರಣ ನೀಡುವ ಏರ್ಪಾಡು ಇರಬೇಕು.

ಕಾಲಾವಧಿಯ ವಿಷಯದಲ್ಲಿ ಪ್ರಕಟಣೆಯಿಂದ ನಕ್ಷೆ ಸಲ್ಲಿಕೆಗೆ ಹತ್ತು ವಾರ, ಪರಿಶೀಲನೆಗೆ ಎರಡು ವಾರ, ತೀರ್ಪಿಗೆ ನಾಲ್ಕು ವಾರ ಎಂದು ಇರಿಸಿಕೊಂಡರೆ ಯಾರಿಗೂ ಅವಸರವಾಗದು. ಕೊನೆಯ ಐದು ನಕ್ಷೆಗಳನ್ನು ಹಿಡಿದು ತೀರ್ಪುಗಾರರು ಒಮ್ಮೆ ಸ್ಥಳದಲ್ಲಿ ನಡೆದು ನೋಡಲೇಬೇಕು.

ನಕ್ಷೆ ಯಾರದು?

ಹೆಚ್ಚಿನ ಸ್ಪರ್ಧೆಗಳು ಎಡವುವುದು ಇಲ್ಲಿಯೇ. ‘ಬಂದ ಪ್ರವೇಶಗಳೆಲ್ಲವೂ ಆಯೋಜಕರ ಸ್ವತ್ತು’ ಎಂಬ ಒಂದು ಸಾಲನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸುವ ರೂಢಿಯುಂಟು. ಹಾಗೆ ಮುದ್ರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಭಾರತದ ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಚಿತ್ರ ಹಾಗೂ ನಕ್ಷೆಗಳ ಹಕ್ಕು ಸಾಮಾನ್ಯವಾಗಿ ಅವನ್ನು ರಚಿಸಿದವರದೇ. ಆ ಹಕ್ಕನ್ನು ವಹಿಸಿಕೊಡಲು ಸಹಿ ಮಾಡಿದ ಲಿಖಿತ ಪತ್ರ ಬೇಕು. ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ಬೇರೆ ರೀತಿ ನಮೂದಿಸದಿದ್ದಲ್ಲಿ, ವಹಿಸಿಕೊಂಡವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ ಅದು ರದ್ದಾಗುತ್ತದೆ. ಮೈದಾನ ನಿರ್ಮಾಣಕ್ಕೆ ವರ್ಷಗಟ್ಟಲೆ ಹಿಡಿಯುವುದರಿಂದ ಆಯೋಜಕರು ಈ ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ಸ್ಪರ್ಧಿಯ ಪರವಾಗಿಯೂ ಒಂದು ಮಾತು ಇದೆ. ಕೃತಿಸ್ವಾಮ್ಯವು ಚಿತ್ರವನ್ನು ರಕ್ಷಿಸುತ್ತದೆಯೇ ಹೊರತು ಚಿತ್ರದ ಹಿಂದಿನ ಕಲ್ಪನೆಯನ್ನಲ್ಲ. ಲಿಡೊ ಮೈದಾನದಲ್ಲಿ ಬಹುಮಾನಿತ ನಕ್ಷೆಯಷ್ಟೇ ಅಲ್ಲದೆ ಸ್ಪರ್ಧೆಗೆ ಬಂದ ಇತರ ಕಲ್ಪನೆಗಳೂ ಬಳಕೆಯಾದವು. ಇಂತಹ ಬಳಕೆ ಇಂದು ನಡೆದರೆ, ಸೋತ ಸ್ಪರ್ಧಿ ತನ್ನ ಕಲ್ಪನೆಯನ್ನು ನೆಲದ ಮೇಲೆ ಕಂಡು, ತನ್ನ ಹೆಸರನ್ನು ಎಲ್ಲಿಯೂ ಕಾಣದೆ ನೊಂದುಕೊಳ್ಳುವುದು ಖಂಡಿತ. ಆದ್ದರಿಂದ ಬಹುಮಾನ ಪಡೆಯದ ನಕ್ಷೆಗಳು ಅವರವರದೇ ಸ್ವತ್ತಾಗಿ ಉಳಿಯುತ್ತವೆ; ಯಾವುದೇ ಅಂಶವನ್ನು ಬಳಸುವುದಾದರೆ ಲಿಖಿತ ಒಪ್ಪಿಗೆ, ಗೌರವಧನ ಮತ್ತು ಹೆಸರಿನ ಫಲಕ ಇರುತ್ತದೆ ಎಂದು ನಿಯಮಾವಳಿಯಲ್ಲಿಯೇ ವಚನ ಕೊಡುವುದು ನ್ಯಾಯ.

ಬಹುಮಾನದ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಹವ್ಯಾಸಿಯನ್ನು ಸೆಳೆಯುವುದು ಮುಖ್ಯವಾಗಿ ಹಣವಲ್ಲ. ತಾನು ಬರೆದ ಗೆರೆ ನೆಲದ ಮೇಲೆ ಮೂಡುವ ಆಸೆ. ಕಟ್ಟುವ ಉದ್ದೇಶವಿದ್ದರೆ ಅದನ್ನು ಹೇಳಬೇಕು. ಇಲ್ಲದಿದ್ದರೆ ಇದು ಕಾಗದದ ಸ್ಪರ್ಧೆ ಮಾತ್ರವೆಂದು ಮೊದಲೇ ತಿಳಿಸಬೇಕು. ಕಾಗದದ ಸ್ಪರ್ಧೆಗೂ ಗೌರವವುಂಟು. ‘ಕಟ್ಟಲಾಗುವುದು’ ಎಂದು ಹೇಳಿ ಕಟ್ಟದಿದ್ದರೆ ಮುಂದಿನ ಸ್ಪರ್ಧೆಗೆ ಯಾರೂ ಬರುವುದಿಲ್ಲ.

ಸಣ್ಣ ಉದ್ಯಮಕ್ಕೆ ಇದರ ಪ್ರಯೋಜನ

ಗಾಲ್ಫ್ ಜೊತೆ ಸಂಬಂಧವಿಲ್ಲದ ವ್ಯಾಪಾರಿಗೂ ತಯಾರಕನಿಗೂ ಈ ಚೌಕಟ್ಟು ಉಪಯುಕ್ತ. ಹೊಸ ಪ್ಯಾಕಿಂಗ್, ಆಟಿಕೆ, ಪೀಠೋಪಕರಣ, ದೀಪ, ಸೀರೆಯ ಅಂಚು ಹೀಗೆ ಯಾವುದೇ ವಸ್ತುವಿಗೆ ಹೊರಗಿನವರಿಂದ ವಿನ್ಯಾಸ ಆಹ್ವಾನಿಸುವಾಗ ಏಳುವ ಪ್ರಶ್ನೆಗಳು ಇವೇ. ಇಡೀ ಸರಣಿಯನ್ನು ಕೇಳುವ ಬದಲು ಒಂದೇ ವಸ್ತುವನ್ನು ಕೇಳುವುದು, ಅಳತೆ ಹಾಗೂ ವೆಚ್ಚದ ಮಿತಿಯನ್ನು ಮೊದಲೇ ಹೇಳುವುದು, ಹೆಸರು ಮುಚ್ಚಿ ತೀರ್ಪು ನೀಡುವುದು, ಹಕ್ಕನ್ನು ಬರಹದಲ್ಲಿ ಪಡೆಯುವುದು ಎಲ್ಲೆಡೆಯೂ ಸಲ್ಲುವ ಕ್ರಮಗಳು.

ತಯಾರಿಕಾ ವಸ್ತುಗಳಿಗೆ ಇನ್ನೊಂದು ಎಚ್ಚರಿಕೆ ಸೇರುತ್ತದೆ. ವಿನ್ಯಾಸಗಳ ಅಧಿನಿಯಮ, 2000ರಡಿ ನೋಂದಣಿಯಾದ ವಿನ್ಯಾಸಕ್ಕೆ ಹತ್ತು ವರ್ಷ, ನವೀಕರಿಸಿದರೆ ಮತ್ತೆ ಐದು ವರ್ಷ ರಕ್ಷಣೆ ದೊರೆಯುತ್ತದೆ. ಆದರೆ ಅರ್ಜಿ ಸಲ್ಲಿಸುವ ಮೊದಲೇ ಸಾರ್ವಜನಿಕವಾಗಿ ಪ್ರಕಟವಾದ ವಿನ್ಯಾಸ ಸಾಮಾನ್ಯವಾಗಿ ನೋಂದಣಿಗೆ ಅರ್ಹವಲ್ಲ. ಬಹುಮಾನ ವಿತರಣೆಯ ಸಂಭ್ರಮದಲ್ಲಿ ಗೆದ್ದ ಮಾದರಿಯ ಚಿತ್ರವನ್ನು ಪತ್ರಿಕೆಗಳಿಗೆ ಕೊಟ್ಟು, ಆಮೇಲೆ ನೋಂದಣಿ ಕಚೇರಿಯ ದಾರಿ ಹಿಡಿದರೆ ಕಾಲ ಮಿಂಚಿರುತ್ತದೆ. ಮೊದಲು ಅರ್ಜಿ, ಅನಂತರ ಹಾರ ತುರಾಯಿ ಎಂಬ ಕ್ರಮವನ್ನು ಮರೆಯಲಾಗದು.

ಉಳಿದದ್ದು ಕಾಗದ

ಲಿಡೊ ಮೈದಾನ ಬಹುಕಾಲ ಬಾಳಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಆ ಜಾಗವನ್ನು ವಶಪಡಿಸಿಕೊಂಡ ಮೇಲೆ ಅದು ಅಳಿಸಿಹೋಯಿತು. ಆದರೆ ನಕ್ಷೆಗಳೂ ಛಾಯಾಚಿತ್ರಗಳೂ ಉಳಿದಿದ್ದವು. ವೃತ್ತಿಯಿಂದ ವಿನ್ಯಾಸಕರಲ್ಲದ ಹವ್ಯಾಸಿಯೊಬ್ಬರು ಅವುಗಳನ್ನು ಕಲೆಹಾಕಿ ಕಂಪ್ಯೂಟರಿನಲ್ಲಿ ಇಡೀ ಮೈದಾನವನ್ನು ಪುನರ್ರಚಿಸಿದರು. ಆ ಮಾದರಿಯನ್ನು ಆಧರಿಸಿ ವಿನ್ಯಾಸಕ ಟಾಮ್ ಡೋಕ್ ಅವರ ತಂಡ ವಿಸ್ಕಾನ್ಸಿನ್ ರಾಜ್ಯದ ಸ್ಯಾಂಡ್ ವ್ಯಾಲಿಯಲ್ಲಿ ಲಿಡೊವನ್ನು ಮತ್ತೆ ಕಟ್ಟಿತು. 2023ರಲ್ಲಿ ಅದು ಆಟಕ್ಕೆ ತೆರೆಯಿತು. ಲೀಡ್ಸ್‌ನ ವೈದ್ಯರು 1914ರಲ್ಲಿ ಬರೆದ ಹೋಲ್‌ನ ಮೇಲೆ ಶತಮಾನದ ಬಳಿಕ ಮತ್ತೆ ಚೆಂಡು ಉರುಳಿತು.

ಗೆದ್ದದ್ದಿರಲಿ, ಸೋತದ್ದಿರಲಿ, ಸ್ಪರ್ಧಿಗಳ ಅನುಮತಿ ಪಡೆದು ಪ್ರತಿಯೊಂದು ನಕ್ಷೆಯ ಒಂದು ಪ್ರತಿಯನ್ನು ಕ್ರಮವಾಗಿ ಜೋಡಿಸಿ ಕಾಪಿಡಬೇಕೆಂಬ ನಿಯಮವನ್ನು ಆಯೋಜಕರು ಪಟ್ಟಿಯ ಕೊನೆಗೆ ಸೇರಿಸಿಕೊಳ್ಳುವುದು ಒಳಿತು. ಅದಕ್ಕೆ ತಗಲುವ ವೆಚ್ಚ ಒಂದು ಕಪಾಟಿನದು ಮಾತ್ರ.